ನಿಲ್ಲುವುದ ಬಲ್ಲ ಪೆಟ್ಟಿಗೆ

ಮೂರನೆಯ ನೋಟಿಸು ಬಂದ ದಿನ ಮಿಲ್ಲಮ್ಮ ಅದನ್ನು ಎರಡು ಸಲ ಓದಿ, ನಾಲ್ಕಾಗಿ ಮಡಿಸಿ, ಕುಂಟುತ್ತಿದ್ದ ಊಟದ ಮೇಜಿನ ಕಾಲಿನಡಿಗೆ ತುರುಕಿದಳು. ಮೊದಲಿನ ಎರಡೂ ಅಲ್ಲೇ ಇದ್ದವು. ಮೂರನೆಯದು ಸೇರಿದ ಮೇಲೆ ಮೇಜಿನ ಅಲುಗಾಟ ನಿಂತಿತು. ಅಂತೂ ಸಂಘದಿಂದ ಮನೆಗೆ ಒಂದು ಉಪಕಾರವಾಯಿತಲ್ಲ ಎಂದು ಸೊಸೆಗೆ ಹೇಳಿದಳು. ಸೊಸೆ ನಗು ತಡೆದುಕೊಳ್ಳಲು ಅಡುಗೆಮನೆಗೆ ಹೋದಳು.

ನೋಟಿಸು ಬರೆದವರು ಸರಿಯಾಗಿ ಕೆಳಗಿನ ಮನೆಯಲ್ಲೇ ಇರುವ, ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ. ಲಿಫ್ಟಿನಲ್ಲೊಂದು, ಮೆಟ್ಟಿಲಲ್ಲೊಂದು, ನೀರಿನ ಟ್ಯಾಂಕಿನ ಮೇಲೊಂದು ಎಂದು ಸದಾ ಅಂಟಿಸುತ್ತಲೇ ಇರುವ ಅವರಿಗೆ ಕಟ್ಟಡದವರೆಲ್ಲ ಬೆನ್ನ ಹಿಂದೆ ಇಟ್ಟ ಹೆಸರು ನೋಟಿಸಪ್ಪ. ಈ ಸಲದ ಒಕ್ಕಣೆ ಖಡಕ್ಕಾಗಿತ್ತು. ಇನ್ನೊಂದು ದೂರು ಬಂದರೆ ಮೇಲಿನ ಮನೆಯ ಸ್ಪೀಕರುಗಳು ಈ ಕಟ್ಟಡದಲ್ಲಿ ಇರತಕ್ಕದ್ದಲ್ಲ. ದೂರು ಕೊಡುವವರೂ ಅವರೇ, ತೆಗೆದುಕೊಳ್ಳುವವರೂ ಅವರೇ, ತೀರ್ಪು ಬರೆದು ಗೋಂದು ಹಚ್ಚುವವರೂ ಅವರೇ.

ಆದರೆ ನ್ಯಾಯವಾಗಿ ಹೇಳಬೇಕೆಂದರೆ ನೋಟಿಸಪ್ಪನವರು ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಎರಡು ವಾರದಿಂದ ಮಿಲ್ಲಮ್ಮ ನಡುಮನೆಯ ಸ್ಪೀಕರುಗಳ ಗುಂಡಿಯನ್ನು ಅದು ತಿರುಗುವಷ್ಟೂ ತಿರುಗಿಸುತ್ತಿದ್ದಳು. ಕಿಟಕಿಯ ಗಾಜು ಗಿರಗಿರ ಎನ್ನುತ್ತಿತ್ತು. ಅವಳ ಕಿವಿಗೆ ಮಾತ್ರ, ದೂರದ ಬೀದಿಯಲ್ಲಿ ಯಾರೋ ಏನೋ ಹೇಳುತ್ತಿರುವಷ್ಟೇ ಕೇಳುತ್ತಿತ್ತು.

ಅವಳು ಬಟ್ಟೆ ಮಿಲ್ಲಿನ ನೇಯ್ಗೆ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ದುಡಿದವಳು. ಮಿಲ್ಲಿನಮ್ಮ ಎಂಬುದು ಬಾಯಲ್ಲಿ ಸವೆದು ಮಿಲ್ಲಮ್ಮ ಆಯಿತು. ನೂರಿಪ್ಪತ್ತು ಮಗ್ಗಗಳು ಒಂದೇ ಸೂರಿನಡಿ ಲಾಳಿ ಬಡಿಯುವ ಜಾಗದಲ್ಲಿ ಕಿವಿ ಉಳಿಯುವುದಾದರೂ ಹೇಗೆ? ಅಲ್ಲಿ ಕೂಗಿ ಪ್ರಯೋಜನವಿಲ್ಲ, ಹಾಗಾಗಿ ಎಲ್ಲರೂ ತುಟಿ ನೋಡಿ ಮಾತಾಡುತ್ತಿದ್ದರು. ಯಾವ ಮಗ್ಗ ಕೆಟ್ಟಿದೆ ಎಂಬುದನ್ನು ಅಂಗಾಲಿನಲ್ಲಿ ತಿಳಿಯುತ್ತಿದ್ದರು. ಈಚೆಗೆ ಕಿವಿಯ ಡಾಕ್ಟರು ಒಂದು ಗೀಟು ಎಳೆದು ತೋರಿಸಿದ್ದರು. ಎಡಗಡೆ ಮೇಲಿದ್ದದ್ದು ಬಲಗಡೆ ಬರುವಷ್ಟರಲ್ಲಿ ಪಾತಾಳಕ್ಕೆ ಇಳಿದಿತ್ತು. ಸಣ್ಣ ದನಿಗಳೆಲ್ಲ ಹೋಗಿವೆ, ದಪ್ಪ ದನಿಗಳು ಉಳಿದಿವೆ ಎಂದರು. ಕಿವಿಗೆ ಹಾಕುವ ಯಂತ್ರ ಕೊಟ್ಟರು. ಬಾಗಿಲ ಗಂಟೆಗೆ ಅದು ಆದೀತು, ಹಾಡಿಗೆ ಹಾಕಿಕೊಂಡರೆ ತಗಡು ಕೆರೆದ ಹಾಗಾಗುತ್ತಿತ್ತು.

ಇಷ್ಟಾದರೂ ಅವಳು ಸುಮ್ಮನಿರುತ್ತಿದ್ದಳೇನೋ. ಹಾಡು ಕೇಳದೆ ಸತ್ತವರಿಲ್ಲ. ಆದರೆ ಎರಡು ವಾರದ ಹಿಂದೆ ಮಗಳ ಸೀಡಿ ಬಂತು. ಮಗಳು ಐದು ಜನರ ಒಂದು ತಂಡದಲ್ಲಿ ಬೇಸ್ ಗಿಟಾರು ನುಡಿಸುತ್ತಾಳೆ. ನಾಲ್ಕೇ ನಾಲ್ಕು ದಪ್ಪ ತಂತಿ, ನಿಲ್ಲುವುದು ಎಲ್ಲರ ಹಿಂದೆ. ಚಪ್ಪಾಳೆಯೆಲ್ಲ ಮುಂದೆ ನಿಂತು ಹಾಡುವವನಿಗೆ. ಹನ್ನೆರಡು ವರ್ಷ ಹೀಗೆ ಹಿಂದೆ ನಿಂತ ಮೇಲೆ ತಂಡದ ಮೊದಲ ಸೀಡಿ ಹೊರಬಂತು. ಮಗಳು ತಾನೇ ತಂದು ಹಾಕಿ, ಎದುರು ಕೂತು, ಹೇಗಿದೆ ಎಂದು ಕೇಳಿದಳು.

ಚೆನ್ನಾಗಿದೆ ಎಂದಳು ಮಿಲ್ಲಮ್ಮ. ಮಗಳ ಒಂದು ತಂತಿಯೂ ಅವಳಿಗೆ ಕೇಳಿಸಿರಲಿಲ್ಲ. ಮಗಳಿಗೆ ಅವಳು ಬೈದದ್ದುಂಟು, ಹೊಡೆದದ್ದೂ ಉಂಟು, ಸುಳ್ಳು ಹೇಳಿದ್ದಿಲ್ಲ. ಆ ಒಂದು ಮಾತು ಅವತ್ತಿನಿಂದ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ಅದನ್ನು ನಿಜ ಮಾಡಬೇಕು, ಇಲ್ಲವೇ ಮಗಳ ಮುಖ ನೋಡಿ ಸುಳ್ಳು ಎಂದು ಒಪ್ಪಿಕೊಳ್ಳಬೇಕು. ಅದಕ್ಕೇ ಗುಂಡಿ ತಿರುಗಿಸುತ್ತಿದ್ದಳು.

ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಮಗ ಕೆಟ್ಟವನಲ್ಲ. ಆದರೆ ಲಿಫ್ಟಿನಲ್ಲಿ ನೋಟಿಸಪ್ಪನವರ ಮುಖ ನೋಡಬೇಕಾದವನು ಅವನು. ಬರುವ ಭಾನುವಾರ ಸ್ಪೀಕರುಗಳನ್ನು ಕಟ್ಟಿ ಕಚೇರಿಯ ಮನರಂಜನಾ ಕೋಣೆಗೆ ಕೊಟ್ಟುಬಿಡುವುದೆಂದು ತೀರ್ಮಾನಿಸಿದ. ಹೆಂಡತಿಯ ಕಡೆ ತಿರುಗಿ, ಸುಮ್ಮನೆ ಇದೆಲ್ಲ ಕೋಣನ ಮುಂದೆ, ಎಂದವನು ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡ. ಅವನ ತುಟಿ ಕೋಣೆಯ ಆ ತುದಿಯಿಂದ ಮಿಲ್ಲಮ್ಮನಿಗೆ ಕಾಣುತ್ತಿತ್ತು.

"ಕಿನ್ನರಿ. ಗಾದೆ ಅರ್ಧಕ್ಕೆ ಬಿಡಬಾರದು ಕಣೋ, ಹೇಳಿ ಮುಗಿಸು" ಎಂದಳು. ಮಗನ ಕಿವಿ ಕೆಂಪಾಯಿತು.

ಅವತ್ತು ಅವಳು ಸ್ಪೀಕರಿನ ಮೇಲೆ ಅಂಗೈ ಇಟ್ಟು ಸೀಡಿಯನ್ನು ಮೊದಲಿನಿಂದ ಕೊನೆಯವರೆಗೆ ಹಾಕಿದಳು. ಪುಟ್ಟ ಪೆಟ್ಟಿಗೆಗಳು, ಪುಸ್ತಕದ ಕಪಾಟಿನಲ್ಲಿ ಹಿಡಿಸುವಂಥವು. ಅಂಗೈಗೆ ಸಿಕ್ಕಿದ್ದೆಲ್ಲ ಬರೀ ಚುರುಚುರು. ಮಗಳು ಇದೇ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದ ಕಾಲದಲ್ಲಿ ಅಡುಗೆಮನೆಯ ನೆಲದಲ್ಲಿ ತಂತಿಯ ಹೆಜ್ಜೆಹೆಜ್ಜೆಯೂ ಕಾಲಿಗೆ ತಾಕುತ್ತಿದ್ದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಆಗ ವಿಷಯ ಹೊಳೆಯಿತು. ಸ್ಪೀಕರಿಗೆ ಬರುವ ದನಿ ತನಗೆ ಕೇಳುವುದಿಲ್ಲ. ತನಗೆ ಕೇಳುವ ದನಿ ಸ್ಪೀಕರಿಗೆ ಬರುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಇಷ್ಟು ದಿನ ಎಲ್ಲರೂ ಸೇರಿ ಅವಳ ಕಿವಿಯನ್ನು ಮಾತ್ರ ಬೈದಿದ್ದರು, ಪೆಟ್ಟಿಗೆಯನ್ನು ಯಾರೂ ಒಂದು ಮಾತು ಅಂದಿರಲಿಲ್ಲ. ಅವಳಿಗೆ ಸಿಟ್ಟು ಬಂತು, ಅದೂ ಸಣ್ಣ ಸಿಟ್ಟಲ್ಲ.

ಶುಕ್ರವಾರ ಬೆಳಗ್ಗೆ ಎಡಗಡೆಯ ಸ್ಪೀಕರನ್ನು ಹಳೇ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಸೀಡಿಯನ್ನು ಸೆರಗಿನಲ್ಲಿ ಸಿಕ್ಕಿಸಿಕೊಂಡು, ಒಬ್ಬಳೇ ಬಸ್ಸು ಹತ್ತಿದಳು. ಹೆಣ್ಣು ಕೊಡುವ ಮೊದಲು ಹುಡುಗನನ್ನು ಕಣ್ಣಾರೆ ನೋಡಬೇಡವೇ? ದಪ್ಪ ದನಿಗೆಂದೇ ಮಾಡಿದ ಪೆಟ್ಟಿಗೆಯೊಂದನ್ನು ತಂದು ಇದಕ್ಕೆ ಜೋಡಿ ಮಾಡುವುದಾದರೆ ಇಬ್ಬರನ್ನೂ ಎದುರುಬದುರು ಕೂರಿಸಿಯೇ ಮಾಡಬೇಕು ಎಂಬುದು ಅವಳ ಲೆಕ್ಕ.

ಆಡಿಯೋ ಅಂಗಡಿಯವನು ಚೀಲದಿಂದ ಹೊರಬಂದ ಸ್ಪೀಕರನ್ನೂ ಅವಳನ್ನೂ ಒಂದೊಂದು ಸಲ ನೋಡಿದ. ಕಿವಿ ಮಂದ ಎಂದು ತಿಳಿದ ಕೂಡಲೇ ಅವಳ ಕಿವಿಯ ಹತ್ತಿರ ಬಾಯಿ ತಂದು ಕೂಗತೊಡಗಿದ.

"ಕೂಗಬೇಡಪ್ಪ. ಮುಖ ನನ್ನ ಕಡೆ ಇಟ್ಕೊಂಡು ಮಾತಾಡು, ಸಾಕು" ಎಂದಳು.

ಅವನು ತಲೆಯಾಡಿಸಿ, ಗಾಜಿನ ಗೋಡೆಯ ಆಚೆಗಿದ್ದ ಪಾಲುದಾರನ ಹತ್ತಿರ ಹೋಗಿ ಏನೋ ಹೇಳಿದ. ಗಾಜಿನಾಚೆ ಮಾತಾಡಿದರೆ ಮಂದಿಗೆ ಕೇಳುವುದಿಲ್ಲ ಎಂಬುದು ಕಿವಿಯಿದ್ದವರ ನಂಬಿಕೆ. ಅವನು ಹೊರಗೆ ಬಂದಾಗ ಮಿಲ್ಲಮ್ಮ ಬೆಂಚಿನ ಮೇಲೆ ಶಾಂತವಾಗಿ ಕೂತಿದ್ದಳು.

"ಕಿವುಡು ಮುದುಕಿ, ಜೋರಾಗಿದ್ರೆ ಸಾಕು, ದೊಡ್ಡದನ್ನೇ ಕಟ್ಟಿ ಕಳಿಸೋಣ ಅಂದ್ಯಲ್ಲ. ಕಿವುಡು ಮುದುಕಿಗೆ ಚಿಕ್ಕದನ್ನೂ ಒಂದು ಸಲ ತೋರಿಸಿಬಿಡು."

ಅಂಗಡಿಯವನ ಮುಖ ಹುಳ್ಳಗಾಯಿತು. ಆದರೆ ಮನುಷ್ಯ ದಡ್ಡನಲ್ಲ. ಕ್ಷಮೆ ಕೇಳಿ, ಅಲ್ಲಿಂದ ಮುಂದೆ ನೆಟ್ಟಗೆ ವ್ಯವಹರಿಸಿದ. ಅವಳ ಸ್ಪೀಕರನ್ನು ತಂತಿಗೆ ಸಿಕ್ಕಿಸಿ, ದನಿ ಕೆಳಕೆಳಗೆ ಇಳಿದಂತೆ ಅದು ಎಲ್ಲಿ ಕೈಚೆಲ್ಲುತ್ತದೆ ಎಂದು ತೋರಿಸಿದ. ಅದು ಬಿಟ್ಟ ಜಾಗದಿಂದ ಸಬ್‌ವೂಫರು, ಅಂದರೆ ದಪ್ಪ ದನಿಯ ಪೆಟ್ಟಿಗೆ, ಎತ್ತಿಕೊಳ್ಳಬೇಕು. ಮೊದಲೇ ಎತ್ತಿಕೊಂಡರೆ ಇಬ್ಬರೂ ಒಂದೇ ದನಿಗೆ ಕಿತ್ತಾಡಿ ಗದ್ದಲವಾಗುತ್ತದೆ, ತಡವಾದರೆ ನಡುವೆ ಗುಂಡಿ ಬೀಳುತ್ತದೆ. ಮಿಲ್ಲಮ್ಮನಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ. ಬೆಳಗಿನ ಪಾಳಿಯವರು ಮಗ್ಗ ಬಿಡುವುದು, ಮಧ್ಯಾಹ್ನದ ಪಾಳಿಯವರು ಹಿಡಿಯುವುದು ಹೀಗೆಯೇ. ಒಂದು ಮಗ್ಗಕ್ಕೆ ಇಬ್ಬರು ನಿಂತರೆ ಜಗಳ, ಯಾರೂ ನಿಲ್ಲದಿದ್ದರೆ ನಷ್ಟ.

ಅವಳು ಚಪ್ಪಲಿ ಬಿಟ್ಟು ಮರದ ನೆಲದ ಮೇಲೆ ಬರಿಗಾಲಲ್ಲಿ ನಿಂತಳು. ಮೊದಲು ದೊಡ್ಡದನ್ನು ಹಾಕಿಸಿದಳು. ಎದುರಿಗೆ ಗಾಳಿ ಹೊರಬರಲು ತೂತಿದ್ದ, ಬಟ್ಟೆ ಒಗೆಯುವ ಯಂತ್ರದಷ್ಟು ಎತ್ತರದ ಪೆಟ್ಟಿಗೆ ಅದು. ನೆಲ ಧಂ ಎಂದು ಮೊಣಕಾಲಿನವರೆಗೂ ಬಂತು. ಪಕ್ಕದ ಕಪಾಟಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಅಂಗಡಿಯವನು ಹೇಗೆ ಎಂಬಂತೆ ಹುಬ್ಬು ಹಾರಿಸಿದ.

ಹೊಡೆಯುವುದೇನೋ ಚೆನ್ನಾಗಿಯೇ ಹೊಡೆಯುತ್ತಿತ್ತು. ಆದರೆ ಪೆಟ್ಟು ಮುಗಿದ ಮೇಲೂ ಅಂಗಾಲಿನಡಿ ಏನೋ ಹೊರಳುತ್ತಲೇ ಇತ್ತು. ಅಂಥ ಮಗ್ಗಕ್ಕೆ ಶೆಡ್ಡಿನಲ್ಲಿ ಕುಡುಕ ಎಂದು ಹೆಸರು. ನಿಲ್ಲು ಎಂದರೆ ನಾಲ್ಕು ಹೆಜ್ಜೆ ತೂರಾಡಿಯೇ ನಿಲ್ಲುವುದು. ಒಳ್ಳೆಯ ಮಗ್ಗದ ಗುಣವೇ ಬೇರೆ. ಹಾಸಿನ ಉದ್ದನೂಲುಗಳಲ್ಲಿ ಒಂದು ಎಳೆ ಕಡಿಯಿತೋ, ಅದರ ಮೇಲೆ ಕೂತ ತೆಳು ಉಕ್ಕಿನ ಪಟ್ಟಿ ಕೆಳಗೆ ಬೀಳುತ್ತದೆ, ಆ ಕ್ಷಣಕ್ಕೇ ಮಗ್ಗ ಕಲ್ಲಾಗುತ್ತದೆ. ಕುಡುಕ ಮಗ್ಗ ಹಾಗೆ ನಿಲ್ಲುವುದಿಲ್ಲ, ಕಡಿದ ಎಳೆಯ ಮೇಲೆಯೇ ನೇಯ್ದು ತಪ್ಪನ್ನು ಮುಚ್ಚಿಹಾಕುತ್ತದೆ. ಅದು ಗೊತ್ತಾಗುವುದು ಯಾರದೋ ಅಂಗಿ ಹರಿದಾಗ.

ಆಮೇಲೆ ಚಿಕ್ಕದು. ಎಲ್ಲ ಕಡೆಯೂ ಮುಚ್ಚಿದ, ಒಂದು ಮಣೆಯಷ್ಟಗಲದ ಪೆಟ್ಟಿಗೆ. ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೆ ಮಿಲ್ಲಮ್ಮ ಕಣ್ಣು ಮುಚ್ಚಿದಳು. ಡ್ರಮ್ಮಿನ ಪೆಟ್ಟು ಬೇರೆ, ಅದರ ಪಕ್ಕದಲ್ಲಿ ನಡೆದುಕೊಂಡು ಬರುವ ತಂತಿ ಬೇರೆ. ಆ ನಡಿಗೆ ಅವಳಿಗೆ ಗೊತ್ತು. ಎಡವದೆ, ಓಡದೆ, ತುಸು ಹಟದಿಂದ ಹೆಜ್ಜೆ ಊರುವ ನಡಿಗೆ. ಹನ್ನೆರಡು ವರ್ಷ ಮಂದಿಯ ಹಿಂದೆ ನಿಂತ ಮಗಳು ಬರಿಗಾಲಿನಡಿ ಬಂದು ನಿಂತಿದ್ದಳು. ಮಿಲ್ಲಮ್ಮನಿಗೆ ಅಳು ಬಂತು. ಅಂಗಡಿಯವನು ನೋಡಿದರೆ ನೋಡಲಿ ಎಂದು ಅತ್ತಳು.

ಮೂರನೆಯ ಹಾಡಿನ ನಡುವೆ ತಂತಿ ಇದ್ದಕ್ಕಿದ್ದಂತೆ ಮಾಯವಾಯಿತು. ಡ್ರಮ್ಮು ನಡೆಯುತ್ತಿತ್ತು, ಪಕ್ಕದಲ್ಲಿ ಮಗಳಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬಂದಳು. ಪೆಟ್ಟಿಗೆ ಕೆಟ್ಟಿತೇ ಎಂದು ಇನ್ನೊಂದು ಸಲ ಹಾಕಿಸಿದಳು. ಅದೇ ಜಾಗ, ಅಷ್ಟೇ ಖಾಲಿ. ಅದನ್ನೇ ದೊಡ್ಡದರಲ್ಲಿ ಹಾಕಿಸಿದರೆ ಖಾಲಿಯೇ ಇಲ್ಲ. ಅದು ಡ್ರಮ್ಮಿನ ಒಂದೊಂದು ಪೆಟ್ಟನ್ನೂ ಎಳೆದೆಳೆದು ಆ ಜಾಗವನ್ನು ಮುಚ್ಚಿಬಿಟ್ಟಿತ್ತು.

ಅದಕ್ಕೇ ದೊಡ್ಡದು ತಗೊಳ್ಳಿ ಅಂದದ್ದು, ಇದರಲ್ಲಿ ಎಲ್ಲ ತುಂಬಿಕೊಂಡಿರುತ್ತೆ ಎಂದ ಅಂಗಡಿಯವನು.

"ಹೊಡೆಯೋದು ಯಾರಿಗೆ ಬೇಕಾದ್ರೂ ಬರುತ್ತೆ. ನಿಲ್ಲೋದು ಗೊತ್ತಿರಬೇಕು" ಎಂದಳು ಮಿಲ್ಲಮ್ಮ. "ಚಿಕ್ಕದನ್ನೇ ಕಟ್ಟು."

ಹೊರಡುವಾಗ ಅವನು, ಮೂಲೆಗೆ ತಳ್ಳಿ ಇಡಿ, ಗೋಡೆ ಸೇರಿಕೊಂಡು ಇನ್ನೂ ಜೋರಾಗಿ ಕೇಳುತ್ತೆ ಎಂದ. ಜೋರು ಯಾರಿಗೆ ಬೇಕಾಗಿತ್ತು? ಆಟೋದಲ್ಲಿ ಪೆಟ್ಟಿಗೆಯನ್ನು ತಬ್ಬಿಕೊಂಡು ಕೂತವಳಿಗೆ ಬೇರೆಯೇ ಚಿಂತೆ. ಮಗಳ ನೇಯ್ಗೆಯ ನಟ್ಟನಡುವೆ ಎಳೆ ಕಡಿದಿದೆ. ಊರವರೆಲ್ಲ ಚೆನ್ನಾಗಿದೆ ಎಂದರು, ಒಬ್ಬರೂ ಅದನ್ನು ಹೇಳಲಿಲ್ಲ. ಹೇಳಬೇಕಾದವಳು ತಾನೇ.

ಮನೆಯಲ್ಲಿ ಮಗ ಪೆಟ್ಟಿಗೆಯನ್ನು ನೋಡಿ ತಲೆಯ ಮೇಲೆ ಕೈ ಹೊತ್ತು ಕೂತ. ಇರುವ ಗದ್ದಲಕ್ಕೇ ಮೂರು ನೋಟಿಸು ಬಂದಿವೆ, ಇದು ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಲ್ಲವೇ ಎಂದು ಕೇಳಿದ. ಭಾನುವಾರ ರಟ್ಟಿನ ಪೆಟ್ಟಿಗೆ ತರುವವನಿದ್ದೀಯಲ್ಲ, ಎರಡರ ಬದಲು ಮೂರು ತಾ, ನಾನು ಸೋತರೆ ಇದನ್ನೂ ಕಟ್ಟು ಎಂದು ಅವಳು ಕಡ್ಡಿ ಮುರಿದಂತೆ ಹೇಳಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು ಅವಳು ಎಂಬುದು ಅವನಿಗೆ ಹೊಸದಲ್ಲ.

ಶನಿವಾರ ಅವಳು ಸೊಸೆಯನ್ನು ಕರೆದುಕೊಂಡು ಅಟ್ಟದಿಂದ ಒಂದು ಗೋಣಿಚೀಲ ಇಳಿಸಿದಳು. ಮಿಲ್ಲು ಮುಚ್ಚಿದ ದಿನ ಮಾಲೀಕರು ಕೆಲಸದವರಿಗೆಲ್ಲ ನೆನಪಿಗೆ ಏನಾದರೂ ಒಯ್ಯಿರಿ ಎಂದಿದ್ದರು. ಮಂದಿ ಹಿತ್ತಾಳೆ, ತಾಮ್ರ ಹೊತ್ತರು. ಮಿಲ್ಲಮ್ಮ ತನ್ನ ಮಗ್ಗದ ನಾಲ್ಕು ಕಾಲಿನಡಿಯ ದಪ್ಪ ರಬ್ಬರಿನ ದಿಂಬುಗಳನ್ನು ತಂದಿದ್ದಳು. ಮಗ್ಗದ ನಡುಕ ಕಟ್ಟಡಕ್ಕೆ ಇಳಿಯದಂತೆ ತಡೆಯುವ ದಿಂಬುಗಳು ಅವು. ಮನೆಯವರು ವರ್ಷಗಟ್ಟಲೆ ಆಡಿಕೊಂಡು ನಕ್ಕಿದ್ದರು. ಅತ್ತೆ ಸೊಸೆ ಸೇರಿ ಹಳೇ ಮಂಚದ ಹಲಗೆಗಳನ್ನು ಜೋಡಿಸಿ ಮೊಳೆ ಹೊಡೆದು, ಅದನ್ನು ಆ ನಾಲ್ಕು ದಿಂಬುಗಳ ಮೇಲೆ ಕೂರಿಸಿದರು. ಹಲಗೆಯ ಮೇಲೆ ಅವಳ ಕುರ್ಚಿ, ಕುರ್ಚಿಯ ಪಕ್ಕ ಅದೇ ಹಲಗೆಯ ಮೇಲೆ ಸಬ್‌ವೂಫರು. ಅದರ ಗುಂಡಿ ಕಾಲು ಭಾಗ ಮಾತ್ರ ತಿರುಗಿತು. ಕಪಾಟಿನ ಸ್ಪೀಕರುಗಳ ದನಿಯನ್ನು ಮನೆಯವರ ಮಾತಿಗಿಂತ ಕೆಳಗೆ ಇಳಿಸಿದಳು. ಅವು ಹೇಗೂ ಅವಳಿಗಾಗಿ ಹಾಡುತ್ತಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಮಗ ಮೂರು ರಟ್ಟಿನ ಪೆಟ್ಟಿಗೆಗಳನ್ನು ತಂದಿಟ್ಟ. ಅವನ ಹಿಂದೆಯೇ ನೋಟಿಸಪ್ಪನವರು ಬಂದರು. ಶುಕ್ರವಾರ ಆಟೋದಿಂದ ಇಳಿದದ್ದೇನು ಎಂಬುದು ಅವರಿಗೆ ಕಾವಲುಗಾರನಿಂದ ತಿಳಿದಿತ್ತು. ಸಂಘದ ನಿಯಮ ಹೀಗಿದೆ, ಹಾಗಿದೆ ಎಂದು ಶುರು ಮಾಡಿದರು. ಮಿಲ್ಲಮ್ಮ ಅವರ ತುಟಿ ನಿಲ್ಲುವವರೆಗೂ ಕಾದಳು.

"ಕೆಳಗೆ ಹೋಗಿ ಒಂದು ಲೋಟ ನೀರು ಅಂಚಿನ ತನಕ ತುಂಬಿ ಮೇಜಿನ ಮೇಲಿಡಿ. ಎದುರಿಗೇ ಕೂತು ನೋಡಿ. ನಾನು ಅರ್ಧ ಗಂಟೆ ಹಾಕ್ತೀನಿ. ನೀರು ಅಲುಗಿದ್ರೆ ಸ್ಪೀಕರುಗಳನ್ನ ನಾನೇ ಹೊತ್ತು ನಿಮ್ಮ ಬಾಗಿಲಿಗೆ ತಂದಿಡ್ತೀನಿ. ಅಲುಗದಿದ್ರೆ ಇನ್ನು ನನ್ನ ಹೆಸರಲ್ಲಿ ಕಾಗದ ಬರೀಬಾರದು."

ಬರೆಯುವುದನ್ನು ಬಿಡಬೇಕು ಎಂಬ ಮಾತು ನೋಟಿಸಪ್ಪನವರಿಗೆ ನಾಟಿತು. ಆದರೂ ಗೆಲ್ಲುವ ಧೈರ್ಯದಲ್ಲಿ ಒಪ್ಪಿ ಇಳಿದು ಹೋದರು.

ಮಿಲ್ಲಮ್ಮ ಹಲಗೆಯ ಮೇಲೆ ಕುರ್ಚಿಯಲ್ಲಿ ಕೂತು ಸೀಡಿ ಹಾಕಿದಳು. ಮಗ ಗೋಡೆಗೊರಗಿ ನಿಂತಿದ್ದ. ಅವನಿಗೆ ಕೇಳಿದ್ದು ಪಕ್ಕದ ಕೋಣೆಯ ರೇಡಿಯೋದಷ್ಟು ದನಿ. ತಾಯಿಯ ಕಾಲ್ಬೆರಳುಗಳು ಮಾತ್ರ ತಾಳ ಹಾಕುತ್ತಿದ್ದವು, ಅದೂ ಒಂದೂ ತಪ್ಪದೆ. ಅವನು ಅದನ್ನೇ ನೋಡುತ್ತಾ ನಿಂತ. ಕೈಯಲ್ಲಿದ್ದ ಅಂಟುಪಟ್ಟಿಯನ್ನು ಯಾವಾಗ ಕೆಳಗಿಟ್ಟನೋ ಅವನಿಗೇ ಗೊತ್ತಾಗಲಿಲ್ಲ.

ಅಷ್ಟರಲ್ಲಿ, ಭಾನುವಾರ ಬರುತ್ತೇನೆಂದಿದ್ದ ಮಗಳು ಬಂದಳು. ಬೇರೆ ಬಡಾವಣೆಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿರುವವಳು, ಅವಳಿಗೆ ಇದೊಂದೂ ಗೊತ್ತಿರಲಿಲ್ಲ. ಅಣ್ಣ, ರಟ್ಟಿನ ಪೆಟ್ಟಿಗೆ, ಹಲಗೆಯ ಮೇಲೆ ಸಿಂಹಾಸನ ಏರಿದಂತೆ ಕೂತ ಅಮ್ಮ, ಇಷ್ಟನ್ನೂ ಕಂಡು ಬಾಗಿಲಲ್ಲೇ ನಿಂತಳು. ಅತ್ತಿಗೆ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಯುವಷ್ಟರಲ್ಲಿ ನೋಟಿಸಪ್ಪನವರು ಮತ್ತೆ ಮೇಲೆ ಬಂದರು. ಲೋಟವನ್ನು ಹಾಗೇ ಕೈಯಲ್ಲಿ ಹಿಡಿದು ತಂದಿದ್ದರು, ಮೆಟ್ಟಿಲಲ್ಲಿ ಅರ್ಧ ನೀರು ಅವರ ಅಂಗಿಯ ಮೇಲೆ ಚೆಲ್ಲಿತ್ತು.

"ಎಷ್ಟು ಹೊತ್ತಮ್ಮ ಕಾಯೋದು? ಹಾಕೋದಾದ್ರೆ ಬೇಗ ಹಾಕಿ" ಎಂದರು.

ಹಾಕಿ ಇಪ್ಪತ್ತೈದು ನಿಮಿಷ ಆಯಿತು ಎಂದು ಮಗ ಹೇಳಿದ. ಹೇಳಿದವನು ಮಗ ಎಂಬುದನ್ನು ಮಿಲ್ಲಮ್ಮ ಗಮನಿಸಿದಳು. ನೋಟಿಸಪ್ಪನವರು ಪೆಟ್ಟಿಗೆಯನ್ನೂ ಹಲಗೆಯನ್ನೂ ನೋಡಿ, ಲೋಟದಲ್ಲಿ ಉಳಿದಿದ್ದ ನೀರನ್ನು ಕುಡಿದು ಇಳಿದು ಹೋದರು.

ಈಗ ಉಳಿದದ್ದು ಗಂಟಲಿನ ಮುಳ್ಳು. ಮಿಲ್ಲಮ್ಮ ಮಗಳನ್ನು ಹತ್ತಿರ ಕರೆದಳು.

"ಅವತ್ತು ಚೆನ್ನಾಗಿದೆ ಅಂದೆನಲ್ಲ, ಸುಳ್ಳು. ನಿಂದು ಒಂದೂ ಕೇಳಿಸಿರಲಿಲ್ಲ. ಈಗ ಎಲ್ಲಾ ಕೇಳಿದೆ. ಚೆನ್ನಾಗಿ ನುಡಿಸ್ತೀಯ, ಇದು ನಿಜ. ಆದ್ರೆ ಮೂರನೇ ಹಾಡಲ್ಲಿ ನಡುವೆ ಎಳೆ ಕಡಿದಿದೆ. ಅಷ್ಟು ಉದ್ದಕ್ಕೂ ನಿನ್ನ ಕೈ ಎಲ್ಲಿ ಹೋಗಿತ್ತು? ಹಾಗೇ ಅಂಗಡಿಗೆ ಕಳಿಸೋದಾ?"

ಮಗಳು ತಾಯಿಯ ಮುಖ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಕಣ್ಣು ತುಂಬಿ ಬಂತು.

"ಕಡಿದಿದ್ದಲ್ಲಮ್ಮ, ನಾನೇ ನಿಲ್ಲಿಸಿದ್ದು" ಎಂದಳು, ತಾಯಿಗೆ ತುಟಿ ಕಾಣುವಂತೆ ನಿಧಾನವಾಗಿ. "ಶಾಲೆ ಬಿಟ್ಟ ಮೇಲೆ ನಾನು ಮಿಲ್ಲಿನ ಗೇಟಲ್ಲಿ ನಿಂತಿರ್ತಿದ್ದೆನಲ್ಲ, ಚಪ್ಪಲಿ ಬಿಟ್ಟು ನಿಲ್ತಿದ್ದೆ. ನೆಲ ನಡುಗ್ತಾ ಇರ್ತಿತ್ತು. ಪಾಳಿ ಮುಗಿದ್ರೆ ಎಲ್ಲಾ ಮಗ್ಗ ಒಂದೇ ಸಲ ನಿಲ್ತಿತ್ತು. ನಿಂತ ಕೂಡಲೇ ನಾನು ಎಣಿಸೋಕೆ ಶುರು ಮಾಡ್ತಿದ್ದೆ. ಹತ್ತು ಎಣಿಸೋದ್ರೊಳಗೆ ತಲೆ ತುಂಬ ಹತ್ತಿ ಮೆತ್ಕೊಂಡು ನೀನು ಬರ್ತಿದ್ದೆ. ಅದನ್ನೇ ಈ ಹಾಡಲ್ಲಿ ಇಟ್ಟೆ. ಅಲ್ಲಿ ಹತ್ತು ಎಣಿಕೆ ಖಾಲಿ ಇದೆ."

ತಂಡದವರೆಲ್ಲ ಬೈದರಂತೆ. ಧ್ವನಿಮುದ್ರಣದವನು ತಾನೇ ಬೇರೆ ಕಡೆಯ ತುಂಡು ತಂದು ಅಂಟಿಸುತ್ತೇನೆ ಎಂದನಂತೆ. ಹಾಗೆ ಮಾಡಿದರೆ ತನ್ನ ಹೆಸರು ತೆಗೆದುಹಾಕಿ ಎಂದು ಹೇಳಿ ಮಗಳು ಗಿಟಾರು ಚೀಲಕ್ಕೆ ಹಾಕಿದಳಂತೆ. ಕೊನೆಗೆ, ಬೇಸ್ ಯಾರು ಕೇಳುತ್ತಾರೆ, ಇದ್ದರೆಷ್ಟು ಬಿಟ್ಟರೆಷ್ಟು ಎಂದು ಅವರು ಸುಮ್ಮನಾದರಂತೆ. ಅವರೆಂದದ್ದು ಒಂದು ಲೆಕ್ಕಕ್ಕೆ ಸರಿಯೇ. ಇವತ್ತಿನವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

ಮೂವತ್ತೊಂದು ವರ್ಷದಲ್ಲಿ ಆ ಶೆಡ್ಡಿನಿಂದ ತಾನು ತಂದದ್ದು ಕಿವುಡು ಮತ್ತು ನಾಲ್ಕು ರಬ್ಬರಿನ ದಿಂಬು ಎಂದೇ ಮಿಲ್ಲಮ್ಮ ತಿಳಿದಿದ್ದಳು. ಗೇಟಿನಾಚೆ ಒಂದು ಮಗು ಬರಿಗಾಲಲ್ಲಿ ನಿಂತು ತನ್ನನ್ನು ಕೇಳುತ್ತಿತ್ತು ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಮಗಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಶೆಡ್ಡಿನಲ್ಲಿ ಮಾತಾಡುವ ಹಾಗೆ, ಒಂದೊಂದು ಅಕ್ಷರವೂ ತುಟಿಯಲ್ಲಿ ಕಾಣುವ ಹಾಗೆ ಹೇಳಿದಳು.

"ತುಂಬಿಸಬೇಡ. ಯಾರು ಹೇಳಿದ್ರೂ ತುಂಬಿಸಬೇಡ."

ಆಮೇಲೆ ಕುರ್ಚಿಯನ್ನು ಒಂದು ಬದಿಗೆ ಸರಿಸಿಕೊಂಡಳು. ಮಗಳು ಚಪ್ಪಲಿ ಬಿಟ್ಟು ಹಲಗೆಯ ಮೇಲೆ ಅವಳ ಪಕ್ಕದಲ್ಲಿ ನಿಂತಳು. ಮಗ ರಟ್ಟಿನ ಪೆಟ್ಟಿಗೆಗಳನ್ನು ಚಪ್ಪಟೆ ಮಾಡಿ ಬಾಗಿಲ ಹಿಂದೆ ಇಟ್ಟು ಬಂದು, ಯಾರೂ ಹೇಳದೆಯೇ, ಮೂರನೆಯ ಹಾಡನ್ನು ಮೊದಲಿನಿಂದ ಹಾಕಿದ.